ಭುಜಬಲನ ಬಲಭುಜ

ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅಂಗಡಿಯ ಮಾಲೀಕ, ಅಂದರೆ ಹೆಂಡತಿಯ ಅಣ್ಣ, ದಿನಾ ಬೆಳಿಗ್ಗೆ ತಾನೇ ಬಗ್ಗಿ ಕಬ್ಬಿಣದ ಶಟರ್ ಎತ್ತುತ್ತ, ಪಕ್ಕದಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುತ್ತಿದ್ದ ಈ ಭಾವನನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ 'ಭುಜಬಲ' ಎಂದು ಕರೆದ. ಹೆಸರು ಅಂಟಿಕೊಂಡಿತು. ಭುಜಬಲ ಬೇಸರಪಡಲಿಲ್ಲ. ಬೇಸರಪಟ್ಟರೆ ಶಟರ್ ಎತ್ತಬೇಕಾದೀತು ಎನ್ನುವಷ್ಟು ವಿವೇಕ ಅವನಿಗಿತ್ತು.

ಅವನ ಬಲಭುಜ ಸಡಿಲವಾಗಿದ್ದದ್ದು ಸುಳ್ಳಲ್ಲ. ಕಾಲೇಜಿನಲ್ಲಿ ವಾಲಿಬಾಲ್ ಆಡಲು ಹೋಗಿ, ಎತ್ತಿದ ಕೈ ಚೆಂಡನ್ನು ಬಿಟ್ಟು ಗಾಳಿಯನ್ನು ಬಾರಿಸಿ ಕೀಲು ತಪ್ಪಿತ್ತು. ಆಮೇಲೊಮ್ಮೆ ಬಸ್ಸಿನ ಕಂಬಿ ಹಿಡಿದಾಗ, ಇನ್ನೊಮ್ಮೆ ಅಂಗಿ ತೊಡುವಾಗ. ಬೇರೆಯವರಾಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವನು ಮಾತ್ರ ಕೈಯನ್ನು ಹೀಗೆ ತಿರುಚಿದರೆ ಮೂಳೆ 'ಟಕ್' ಎಂದು ಮುಂದಕ್ಕೆ ಜಾರುತ್ತದೆ, ಹಾಗೆ ತಿರುಚಿದರೆ ವಾಪಸು ಕೂರುತ್ತದೆ ಎಂದು ಕಂಡುಕೊಂಡು ಅದನ್ನೊಂದು ವಿದ್ಯೆಯಾಗಿ ಸಾಧಿಸಿದ.

ವಿದ್ಯೆ ಅವನ ಕೈಬಿಡಲಿಲ್ಲ. ಮನೆಗೆ ನೀರಿನ ಕ್ಯಾನ್ ಬಂದರೆ ಟಕ್. ಮಂಚ ಸರಿಸಬೇಕೆಂದರೆ ಟಕ್. ಅಟ್ಟದ ಮೇಲಿನ ಪೆಟ್ಟಿಗೆ ಬೇಕೆಂದು ಹೆಂಡತಿ ಬಾಯಿ ತೆರೆಯುವ ಮೊದಲೇ ಟಕ್. ಹೆಂಡತಿ ಸ್ಟೂಲು ಹತ್ತುತ್ತಿದ್ದಳು. ಇವನು ಕೆಳಗೆ ನಿಂತು, "ಸ್ವಲ್ಪ ಎಡಕ್ಕೆ, ನಿಧಾನ" ಎಂದು ದಾರಿ ತೋರಿಸುತ್ತಿದ್ದ. ಶ್ರಮ ಹಂಚಿಕೊಳ್ಳುವ ಗಂಡ ಸಿಗುವುದು ಅಷ್ಟು ಸುಲಭವಲ್ಲ.

ಹೀಗೆ ಸುಖವಾಗಿ ನಡೆದಿದ್ದ ಸಂಸಾರದಲ್ಲಿ ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದರು. ಊಟ ಮುಗಿದ ಮೇಲೆ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಆಕಳಿಸುತ್ತ ಕೇಳಿದ.

"ಅದೇನೋ ಭುಜದ್ದು ಮಾಡ್ತೀರಲ್ಲ, ಒಂದ್ಸಲ ತೋರಿಸಿ ನೋಡೋಣ."

ಕಲಾವಿದನಿಗೆ ಇಷ್ಟು ಒತ್ತಾಯ ಸಾಕು. ಭುಜಬಲ ಎದ್ದು ನಿಂತು ಕೈ ತಿರುಚಿದ. ಟಕ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಪಸು ತಿರುಚಿದ. ಏನೂ ಆಗಲಿಲ್ಲ. ಮತ್ತೆ ತಿರುಚಿದ. ಮುಖ ಬೆವರಿತು, ತುಟಿ ಬಿಳಚಿತು. "ಈ ಸಲ ನಟನೆ ಚೆನ್ನಾಗಿದೆ" ಎಂದು ಷಡ್ಡಕ ಮೆಚ್ಚಿದ. ಅತ್ತೆ ನಗುತ್ತಲೇ ತಟ್ಟೆಗಳನ್ನು ಒಳಗೆ ಒಯ್ದರು. ಗಂಡ ಗೋಡೆಗೊರಗಿ ಮೆಲ್ಲಗೆ ಕುಸಿಯುವುದನ್ನು ಕಂಡ ಹೆಂಡತಿ ಮಾತ್ರ ಚಪ್ಪಲಿ ಹಾಕಿಕೊಂಡು ಆಟೋ ಕರೆಯಲು ಹೊರಟಳು.

ಆಸ್ಪತ್ರೆಯಲ್ಲಿ ಮೂಳೆ ಕೂರಿಸಿ, ಕೈಯನ್ನು ಪಟ್ಟಿಯಲ್ಲಿ ಕಟ್ಟಿ, ನೋವಿಳಿದ ಮೇಲೆ ಫಿಸಿಯೋಥೆರಪಿಗೆ ಹೋಗಲು ಹೇಳಿ ಕಳಿಸಿದರು. ಪಟ್ಟಿ ಕಟ್ಟಿಕೊಂಡಿದ್ದ ದಿನಗಳು ಭುಜಬಲನ ಬಾಳಿನ ಸುವರ್ಣಯುಗ. ಅನ್ನ ಕಲಸಿಕೊಡುವವರು, ಗುಂಡಿ ಹಾಕುವವರು, ಚಾದರ ಹೊದಿಸುವವರು ಎಲ್ಲ ಇದ್ದರು. ಎಲ್ಲ ಒಬ್ಬಳೇ ಆಗಿದ್ದಳು, ಅಷ್ಟೇ.

ಫಿಸಿಯೋಥೆರಪಿಯ ಕೋಣೆ ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ರೆಕ್ಸಿನ್ ಹೊದಿಸಿದ ಎತ್ತರದ ಮಂಚ, ಗೋಡೆಯಲ್ಲಿ ಚರ್ಮ ಸುಲಿದ ಮನುಷ್ಯನ ಚಿತ್ರ, ಮೊಳೆಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿಗಳು. ಅಲ್ಲಿದ್ದ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತು ಇನ್ನೂ ಚಿಕ್ಕದು.

"ಮೇಡಂ, ಇದು ಬೇಕೆಂದಾಗ ಜಾರುತ್ತೆ, ತೋರಿಸ್ಲಾ?" ಎಂದು ಭುಜಬಲ ಉತ್ಸಾಹದಿಂದ ಕೇಳಿದ.

"ಬೇಡ. ನಮ್ಮ ಮೊದಲನೇ ವ್ಯಾಯಾಮ ಅದೇ, ತೋರಿಸದೇ ಇರೋದು."

ಆಮೇಲೆ ಅವರು ಅವನನ್ನು ಮಂಚದ ಮೇಲೆ ಮಲಗಿಸಿ, ಮೊಣಕೈ ಹಿಡಿದು ತೋಳನ್ನು ಪಕ್ಕಕ್ಕೆ ಚಾಚಿ, ಮುಂಗೈಯನ್ನು ತಲೆಯ ಕಡೆಗೆ ಹಿಂದಕ್ಕೆ ಒಯ್ಯತೊಡಗಿದರು. ಅರ್ಧ ದಾರಿಯಲ್ಲೇ ಭುಜಬಲ ಅವರ ಮಣಿಕಟ್ಟನ್ನು ಎಡಗೈಯಿಂದ ಗಪ್ಪನೆ ಹಿಡಿದ. ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ನೋಯ್ತಿದೆಯಾ?"

"ಇಲ್ಲ."

"ಮತ್ತೆ?"

ಅವನು ಹಿಡಿದ ಕೈ ಬಿಡದೆ, "ಜಾರಿ ಹೋಗಿಬಿಡುತ್ತೆ ಅನ್ಸುತ್ತೆ" ಎಂದ.

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತಿದಳು. ಇಷ್ಟು ವರ್ಷ ಟಕ್ ಟಕ್ ಎನಿಸುತ್ತಿದ್ದ ಮನುಷ್ಯ ಅದಕ್ಕೆ ಇಷ್ಟು ಹೆದರಿಕೊಂಡಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಬಲಮಗ್ಗುಲಿಗೆ ಅವನು ಎಂದೂ ಮಲಗುತ್ತಿರಲಿಲ್ಲ ಎಂಬುದು ಈಗ ನೆನಪಾಯಿತು. ತನಗೆ ಬೆನ್ನು ತಿರುಗಿಸಲಿಕ್ಕೇ ಹಾಗೆ ಮಲಗುತ್ತಾನೆ ಎಂದುಕೊಂಡಿದ್ದಳು.

"ಹೊರಗೆ ಬರೋದನ್ನ ಅದಕ್ಕೆ ನೀವೇ ಕಲಿಸಿದ್ದೀರಿ," ಎಂದರು ಮೇಡಂ. "ಈಗ ಸುತ್ತಲಿನ ಮಾಂಸಖಂಡಕ್ಕೆ ಹಿಡಿದುಕೊಳ್ಳೋದನ್ನ ಕಲಿಸೋಣ. ತಿಂಗಳುಗಟ್ಟಲೆ ಬೇಕು. ಬೇಜಾರಾಗುತ್ತೆ. ಮಾಡಬೇಕು."

ವ್ಯಾಯಾಮ ನೋಡಿ ಭುಜಬಲನಿಗೆ ಅವಮಾನವೇ ಆಯಿತು. ಮಡಚಿದ ಟವೆಲನ್ನು ಕಂಕುಳಲ್ಲಿ ಬೀಳದಂತೆ ಅದುಮಿಕೊಂಡು, ಬಾಗಿಲ ಹಿಡಿಗೆ ಕಟ್ಟಿದ ಹಳದಿ ರಬ್ಬರ್ ಪಟ್ಟಿಯನ್ನು ಮೆಲ್ಲಗೆ ಹೊರಕ್ಕೆಳೆದು, ಅದಕ್ಕಿಂತ ಮೆಲ್ಲಗೆ ಬಿಡಬೇಕು. ಬೆನ್ನಿನ ರೆಕ್ಕೆಮೂಳೆಯನ್ನು ಹಿಂದಕ್ಕೆಳೆದು ಸುಮ್ಮನೆ ನಿಲ್ಲಬೇಕು. ಗೋಡೆಯನ್ನು ತಳ್ಳಬೇಕು, ಗೋಡೆ ಕದಲುವುದಿಲ್ಲ, ಆದರೂ ತಳ್ಳಬೇಕು. ಹಳದಿ ಪಟ್ಟಿ ಎಲ್ಲಕ್ಕಿಂತ ಹಗುರ, ಶುರು ಮಾಡುವವರಿಗೆ ಎಂದು ಗೊತ್ತಾದ ಮೇಲಂತೂ ಅವನು ಅದನ್ನು ಅಂಗಿಯ ಜೇಬಿನಲ್ಲಿ ಬಚ್ಚಿಟ್ಟು ಮನೆಗೆ ತಂದ.

ಮೊದಲ ದಿನಗಳಲ್ಲಿ ಅವನು ಮಾಡಿದ್ದು ವ್ಯಾಯಾಮದ ಅಣಕು. ಪಟ್ಟಿ ಎಳೆಯುತ್ತ ಟಿವಿ ನೋಡುತ್ತಿದ್ದ. ಹೆಂಡತಿ ಟಿವಿ ಆರಿಸಿ ಎದುರು ಬಂದು ಕೂರತೊಡಗಿದಳು.

"ಟವೆಲ್ ಬಿತ್ತು."

"ಬಿದ್ದಿಲ್ಲ, ಜಾರಿತು."

"ಹೂಂ. ನಿಮ್ಮಲ್ಲಿ ಎಲ್ಲಾ ಜಾರೋದೇ. ಮೊದಲಿಂದ ಮಾಡಿ."

ಆಮೇಲೆ ಯಾರೂ ಎಣಿಸದ ಒಂದು ಅನಾಹುತವಾಯಿತು. ಭುಜಬಲನಿಗೆ ವ್ಯಾಯಾಮ ರುಚಿಸತೊಡಗಿತು. ಹಳದಿ ಹೋಗಿ ಕೆಂಪು ಪಟ್ಟಿ ಬಂದಾಗ ಅದು ಪದವಿ ಸಿಕ್ಕಷ್ಟು ಸಂಭ್ರಮ. ಅದನ್ನು ಕೊರಳಿಗೆ ಹಾಕಿಕೊಂಡೇ ಅಂಗಡಿಗೆ ಹೋದ. ಕನ್ನಡಕ ಹಾಕಿ ಕನ್ನಡಿ ನೋಡಿಕೊಳ್ಳುತ್ತಿದ್ದ ಗಿರಾಕಿಗೆ, "ಫ್ರೇಮ್ ಪರವಾಗಿಲ್ಲ, ನಿಮ್ಮ ಭುಜ ಸರಿಯಿಲ್ಲ, ಮುಂದಕ್ಕೆ ಬಿದ್ದಿದೆ" ಎನ್ನುತ್ತಿದ್ದ. ಗಿರಾಕಿಗಳು ಕನ್ನಡಕ ಬಿಟ್ಟು ಭುಜ ನೋಡಿಕೊಳ್ಳುತ್ತ ಹೊರಟುಹೋಗುತ್ತಿದ್ದರು.

"ಭಾವ, ದಮ್ಮಯ್ಯ, ನೀವು ಮೊದಲಿನ ಥರಾನೇ ಇರಿ" ಎಂದು ಮಾಲೀಕ ಕೈ ಮುಗಿದ.

ಕೊನೆಗೊಂದು ದಿನ ಮೇಡಂ ಮತ್ತೆ ಅವನನ್ನು ಮಲಗಿಸಿ ತೋಳನ್ನು ಹಿಂದಕ್ಕೊಯ್ದರು. ಭುಜಬಲ ಕಣ್ಣು ಮುಚ್ಚಿಕೊಂಡೇ ಕಾದ. ತೋಳು ಪೂರ್ತಿ ಹಿಂದಕ್ಕೆ ಹೋಗಿ ನಿಂತಿತು. ಏನೂ ಜಾರಲಿಲ್ಲ. ಅವನು ಕಣ್ಣು ತೆರೆದು ತೋಳನ್ನೇ ನೋಡಿದ. ಎದ್ದು ಕೂತವನು, ಹೆಂಡತಿಗೆ ಕೇಳದಂತೆ ದನಿ ತಗ್ಗಿಸಿ, "ಭಾರ ಎತ್ತಬಾರದು ಅಂತ ಒಂದು ಚೀಟಿ ಬರೆದುಕೊಡ್ತೀರಾ?" ಎಂದ.

"ಭಾರ ಎತ್ತೋದೇ ಇನ್ಮೇಲೆ ವ್ಯಾಯಾಮ," ಎಂದು ಮೇಡಂ ದನಿ ತಗ್ಗಿಸದೆಯೇ ಹೇಳಿ ಹೆಂಡತಿಯತ್ತ ತಿರುಗಿದರು. "ಆ ನೀಲಿ ಪಟ್ಟಿ ತೆಗೆದುಕೊಡಿ ಅಮ್ಮ, ನಿಮ್ಮ ತಲೆ ಮೇಲೇ ಇದೆ."

ಹೆಂಡತಿ ಎದ್ದು ಬಲಗೈ ಎತ್ತಿದಳು. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಪಟ್ಟಿ ತೆಗೆದುಕೊಟ್ಟಳು.

"ಎಷ್ಟು ದಿನದಿಂದ ಹೀಗಿದೆ?" ಎಂದರು ಮೇಡಂ.

"ಇರುತ್ತೆ ಬಿಡಿ. ಇವರದ್ದು ಮುಗೀಲಿ ಅಂತಿದ್ದೆ. ಒಂದು ಮನೇಲಿ ಎರಡು ಭುಜ ಕೆಟ್ರೆ ನಡೆಯುತ್ತಾ?"

ಭುಜಬಲ ಅವಳ ಬಲಗೈಯನ್ನೇ ನೋಡಿದ. ಕೆಳಗಿಳಿದು, "ಇಲ್ಲಿ ಮಲಗು" ಎಂದು ಮಂಚವನ್ನು ಅಂಗೈಯಿಂದ ಒರೆಸಿದ.

ಈಗ ಮಹಡಿಯ ಕೋಣೆಗೆ ಹೋಗುವುದು ಹೆಂಡತಿ, ಹೊರಗಿನ ಬೆಂಚಿನಲ್ಲಿ ಕಾಯುವುದು ಭುಜಬಲ. ಅವಳದ್ದು ಜಾರುವ ಕೀಲಲ್ಲ, ಬಿಗಿದ ಕೀಲು. ಅದಕ್ಕೆ ವ್ಯಾಯಾಮವೇ ಬೇರೆ. ಆದರೂ ಅವನು ಮನೆಯಲ್ಲಿ ತನ್ನದನ್ನೇ ಹೇಳಿಕೊಡಲು ಹೋಗಿ ಬೈಸಿಕೊಳ್ಳುತ್ತಾನೆ. ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಇದು ರೆಕ್ಕೆಮೂಳೆಗೆ ಬಹಳ ಒಳ್ಳೆಯದು ಎನ್ನುತ್ತಾನೆ. ತಾನೊಬ್ಬನೇ ಈ ಸತ್ಯ ಕಂಡುಹಿಡಿದವನಂತೆ.

ಮೊನ್ನೆ ಬೆಂಚಿನ ಮೇಲೆ ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಡ್ರೈವರ್ ಬಂದು ಕೂತ. "ಒಳಗೆ ತುಂಬಾ ನೋವು ಮಾಡ್ತಾರಾ?" ಎಂದು ಕೇಳಿದ.

"ನೋವೇನಿಲ್ಲ. ಹೆದರಿಕೆ ಆಗುತ್ತೆ. ನನಗೆ ತುಂಬಾ ಆಗಿತ್ತು," ಎಂದ ಭುಜಬಲ. ಹೇಳಿದ ಮೇಲೆ ತಾನೇ ಬೆರಗಾದ. ಆಮೇಲೆ ಸುಧಾರಿಸಿಕೊಂಡು, ಡ್ರೈವರ್ ಕೂತ ಭಂಗಿಯನ್ನೊಮ್ಮೆ ನೋಡಿ, ಬೆನ್ನು ನೇರ ಮಾಡಿಕೊಳ್ಳಲು ಹೇಳಿದ.