ಹಾಡಿನ ಅಡಿಯಲ್ಲಿ ನಿಂತ ಗೋಸ್ಬೆರ್

ಬೆಳಕು ಹರಿಯುವ ಹೊತ್ತು. ಇನ್ನೂ ಕಟ್ಟಿ ಮುಗಿಯದ ಇಗರ್ಜಿಯ ಗೋಡೆಯ ಸಂದಿಯಿಂದ ಫ್ರಾನ್ಸಿನ ಯೋನ್ ನದಿಯ ಚಳಿಗಾಳಿ ನೇರ ಒಳಗೆ ನುಗ್ಗುತ್ತಿದೆ. ಗಾಯಕರ ಸಾಲಿನ ಕೊನೆಯಲ್ಲಿ ನಿಂತ ಗೋಸ್ಬೆರ್ ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ, ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ. ಒಂದೇ ಸ್ವರ, ಉದ್ದಕ್ಕೆ. ಅದರ ಮೇಲೆ ತರುಣ ಗಾಯಕ ರೆನೋನ ಕಂಠ ಏರುತ್ತದೆ, ಇಳಿಯುತ್ತದೆ, ಸುಳಿದಾಡುತ್ತದೆ. ಪ್ರಾರ್ಥನೆಗೆ ಬಂದ ನೇಕಾರರು, ಮೀನು ಮಾರುವ ಹೆಂಗಸರು ಕತ್ತೆತ್ತಿ ರೆನೋನನ್ನೇ ನೋಡುತ್ತಾರೆ. ಗೋಸ್ಬೆರ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ.

ಗೋಸ್ಬೆರ್ ದೋಣಿಕಾರರ ಮನೆಯ ಮಗ. ದನಿ ಚೆನ್ನಾಗಿದೆ ಎಂದು ಚಿಕ್ಕಂದಿನಲ್ಲೇ ಇಗರ್ಜಿಗೆ ಸೇರಿದವರು. ಆಗ ಹಾಡು ಎಂದರೆ ಎಲ್ಲರೂ ಕೂಡಿ ಹಾಡುವ ಒಂದೇ ಧಾಟಿ. ಆಮೇಲೆ ಪ್ಯಾರಿಸ್ಸಿನಿಂದ ಹೊಸ ಪದ್ಧತಿ ಬಂತು. ಹಳೆಯ ಧಾಟಿಯ ಒಂದೊಂದೇ ಸ್ವರವನ್ನು ಇಬ್ಬರು ಹಿಡಿದು ನಿಲ್ಲಬೇಕು, ಕಂಠಸಿರಿಯಿದ್ದವನೊಬ್ಬ ಅದರ ಮೇಲೆ ಹೊಸದೊಂದು ಧಾಟಿ ಹೆಣೆಯಬೇಕು. "ಮೊದಲ್ನೇ ಅಕ್ಷರ ಮುಗಿಯೋದ್ರೊಳಗೆ ಎರಡ್ನೇದು ಯಾವ್ದು ಅಂತ ದೇವರಿಗೇ ಮರೆತುಹೋಗುತ್ತೆ" ಎಂದು ಮುದಿ ಪಾದ್ರಿಗಳು ಗೊಣಗಿದರು. ಪದ್ಧತಿ ಮಾತ್ರ ಬೇರೂರಿಬಿಟ್ಟಿತು. ಅಡಿಯ ಸ್ವರ ಹಿಡಿಯುವ ಕೆಲಸ ಗೋಸ್ಬೆರ್ ಪಾಲಿಗೆ ಬಂತು.

"ಅಳುನೇ ಬಂದಿತ್ತು ಆವಾಗ" ಎನ್ನುತ್ತಾರೆ ಅವರು. "ಹಾಡೋಕೆ ಅಂತ ಬಂದೋನು ನಾನು. ಕರು ಕಳ್ಕೊಂಡ ಹಸು ಥರ ಒಂದೇ ಸಮ 'ಆ' ಅಂತಿರು ಅಂದ್ಬಿಟ್ರು."

ಅವರ ಹೆಂಡತಿ ಎರ್ಮೆಲಿನ್, ಬೀದಿಗೆಲ್ಲ ರೊಟ್ಟಿ ಸುಟ್ಟುಕೊಡುವಾಕೆ, ಇಂದಿಗೂ ಅವರನ್ನು ಛೇಡಿಸುವುದು ಬಿಡುವುದಿಲ್ಲ. "ಮದುವೆಯಾದ ಹೊಸದ್ರಲ್ಲಿ ಇವತ್ತೇನು ಹಾಡಿದ್ರಿ ಅಂತ ಕೇಳ್ದೆ. 'ಆ' ಅಂದ್ರು. ನಾಳೆ? ಅಂದೆ. 'ನಾಳೆ ಲೇ ಅನ್ನೋ ಅಕ್ಷರ ಬರ್ಬೋದು' ಅಂದ್ರು! ಅಲ್ಲೆಲೂಯಾ ಪೂರ್ತಿ ಕೇಳೋಕೆ ಎಷ್ಟು ಆಯಸ್ಸು ಬೇಕೋ ಅಂದ್ಕೊಂಡೆ."

ಕೆಲಸ ಕಂಡಷ್ಟು ಸುಲಭವಲ್ಲ. ಸ್ವರ ಮುರಿಯಬಾರದು, ನಡುಗಬಾರದು. ಒಬ್ಬ ಉಸಿರೆಳೆಯುವಾಗ ಇನ್ನೊಬ್ಬ ಹಿಡಿದಿರಬೇಕು. ಗೋಸ್ಬೆರ್ ಮತ್ತು ಅವರ ಜೊತೆಗಾರ ಓದಾರ್ ಹರೆಯದಿಂದ ಮುಪ್ಪಿನವರೆಗೂ ಹೀಗೆ ಸರದಿಯಲ್ಲಿ ಉಸಿರಾಡಿದವರು. "ಅವನ ಭುಜ ಎದ್ರೆ ನಾನು ಹಿಡೀತಿದ್ದೆ. ಹಬ್ಬದಲ್ಲಿ ಕುಡಿದು ಜಗಳ ಆಡಿದ್ವಿ, ವಾರಗಟ್ಲೆ ಮಾತು ಬಿಟ್ವಿ. ಉಸಿರು ಮಾತ್ರ ತಪ್ಪಿರ್ಲಿಲ್ಲ." ಕಳೆದ ಚಳಿಗಾಲ ಓದಾರ್ ಎದೆಜ್ವರದಲ್ಲಿ ತೀರಿಕೊಂಡರು. ಗೋಸ್ಬೆರ್‌ಗೂ ಕೆಮ್ಮು ಹತ್ತಿಕೊಂಡಿತು. "ಪಾಸ್ಕ ಹಬ್ಬದ ದಿನ ಹಾಡಿನ ಮಧ್ಯೆ ನಿನ್ನ ಕೆಮ್ಮು ಕೇಳಿಸ್ತೋ, ಮಾರನೇ ದಿನದಿಂದ ನೀನು ಮನೇಲಿರು" ಎಂದು ಗಾಯಕರ ಉಸ್ತುವಾರಿ ಹೊತ್ತ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಯೇಸು ಮತ್ತೆ ಎದ್ದುಬಂದ ನೆನಪಿನ ಆ ಪಾಸ್ಕ ಹಬ್ಬದ ವಾರದಲ್ಲೇ ರೆನೋನ ತಾಯಿ ಸತ್ತಳು. ಮೇಲಿನ ಧಾಟಿ ಬೇರೆ ಯಾರಿಗೂ ಬಾರದ್ದರಿಂದ ಹಬ್ಬದ ದಿನ ಅವನೇ ಬಂದು ನಿಂತ. ಕಂಠ ಎತ್ತರಕ್ಕೆ ಹೋಯಿತು, ಥಟ್ಟನೆ ನಿಂತಿತು.

"ನೋಡ್ದೆ, ಅವನ ತುಟಿ ಅದುರ್ತಿತ್ತು" ಎನ್ನುತ್ತಾರೆ ಗೋಸ್ಬೆರ್. "ನಾನೂ ನಿಲ್ಸಿದ್ರೆ ಅವನು ಅಳ್ತಿರೋದು ಇಡೀ ಊರಿಗೆ ಕೇಳ್ಸುತ್ತೆ. ಹಿಡ್ಕೊಂಡೆ. ಪಕ್ಕದಲ್ಲಿ ಓದಾರ್ ಇಲ್ಲ. ಎದೇಲಿ ಗಾಳಿ ಮುಗೀತಾ ಬಂತು, ಕೆಮ್ಮು ಗಂಟ್ಲಲ್ಲೇ ಕೂತಿತ್ತು. ಈ ಕಲ್ಲಿನ ಗೋಡೆ ಇದ್ಯಲ್ಲ, ಕ್ಷಣ ಹೊತ್ತು ಸ್ವರಾನ ತಾನೇ ಇಟ್ಕೊಳ್ಳುತ್ತೆ. ಅಷ್ಟರೊಳಗೆ ಕದ್ದು ಉಸಿರೆಳೆದೆ. ಮತ್ತೆ ಹಿಡಿದೆ. ಹಾಗೇ ಪಕ್ಕಕ್ಕೆ ಸರಿದು ಅವನ ಬೆನ್ನ ಮೇಲೆ ಕೈಯಿಟ್ಟೆ."

ಎಷ್ಟೋ ಹೊತ್ತಿನ ಮೇಲೆ ರೆನೋ ಬಾಯಿ ತೆರೆದ. ಮೇಲಕ್ಕೆ ಹಾರಲಿಲ್ಲ. ಮೊದಲು ಗೋಸ್ಬೆರ್ ಸ್ವರಕ್ಕೇ ತನ್ನ ಸ್ವರ ಸೇರಿಸಿ ನಿಂತ, ಆಮೇಲೆ ನಿಧಾನವಾಗಿ ಏರತೊಡಗಿದ. ಇದೂ ಪ್ಯಾರಿಸ್ಸಿನ ಹೊಸ ಸೊಗಸು ಎಂದುಕೊಂಡ ಜನ ಮೈಮರೆತು ಕೇಳಿದರು. ಹಾಡು ಮುಗಿದದ್ದೇ ಗೋಸ್ಬೆರ್ ಹೊರಗೋಡಿ, ಕಲ್ಲುಕುಟಿಗರ ಸುಣ್ಣದ ರಾಶಿಯ ಹಿಂದೆ ಕುಸಿದು ಕೆಮ್ಮಿದರು.

"ಗೋಸ್ಬೆರ್ ಅಜ್ಜ ಸ್ವರ ಬಿಡ್ಲೇ ಇಲ್ಲ" ಎನ್ನುತ್ತಾನೆ ರೆನೋ. "ನಾನು ಎಲ್ಲಿ ಬಿಟ್ಟಿದ್ನೋ ಅಲ್ಲೇ ಕಾಯ್ತಿದ್ರು." ಅಂದೇ ಹಿರಿಯರ ಬಳಿ ಹೋಗಿ ಅವನು ನಡೆದದ್ದನ್ನೆಲ್ಲ ಹೇಳಿದ. ಅಜ್ಜನಿಲ್ಲದೆ ತಾನು ಹಾಡುವುದಿಲ್ಲವೆಂದೂ ಹೇಳಿದ. ಅದಕ್ಕೆ ಹಿರಿಯರು ಎಂದರಂತೆ: "ಮುಗಿದ ಮೇಲೆ ಎಷ್ಟು ಬೇಕಾದ್ರೂ ಕೆಮ್ಮಲಿ ಬಿಡು." ಈಗ ಗೋಸ್ಬೆರ್ ಪಕ್ಕದಲ್ಲಿ ಹೊಸ ಜೊತೆಗಾರನೊಬ್ಬ ನಿಲ್ಲುತ್ತಾನೆ. "ಭುಜ ನೋಡೋದು ಇನ್ನೂ ಬಂದಿಲ್ಲ ಅವನಿಗೆ. ಬರುತ್ತೆ" ಎನ್ನುತ್ತಾರೆ ಗೋಸ್ಬೆರ್.

ನಾವು ಮಾತಾಡುತ್ತಿರುವುದು ಗೋಸ್ಬೆರ್ ಮನೆಯ ಒಲೆಯ ಪಕ್ಕ ಕುಳಿತು; ಎರ್ಮೆಲಿನ್ ಅಲ್ಲೇ ಸಾರು ಕುದಿಸುತ್ತಿದ್ದಾಳೆ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಗೋಸ್ಬೆರ್ ಒಲೆಗೆ ಒಂದು ಕೊಳ್ಳಿ ದೂಡುತ್ತಾರೆ.

"ನನ್ನನ್ನ ಮಣ್ಣಿಗಿಡೋ ದಿನ ಹೊಸ ಹಾಡು ಬೇಡ. ಹಳೇ ಧಾಟಿ ಸಾಕು, ಎಲ್ಲಾ ಸೇರಿ ಹಾಡೋದು. ಹೊಸದ್ರಲ್ಲಿ ಇವಳು ಸೇರ್ಕೊಳ್ಳೋಕೆ ಆಗಲ್ಲ ನೋಡಿ. ಹಿಟ್ಟು ನಾದುವಾಗ ಹಾಡ್ತಾಳೆ ಇವಳು. ಎಂಥಾ ಕಂಠ! ಊರಲ್ಲಿ ಯಾರಿಗೂ ಗೊತ್ತಿಲ್ಲ."

ಎರ್ಮೆಲಿನ್ ತಿರುಗಿಯೂ ನೋಡದೆ ಬಟ್ಟಲಿಗೆ ಈರುಳ್ಳಿ ಸಾರು ಬಗ್ಗಿಸುತ್ತಾಳೆ. "ಬಿಸಿಯಿದೆ, ಕುಡೀರಿ" ಎಂದಷ್ಟೇ ಹೇಳಿ ಬಟ್ಟಲನ್ನು ಅವರ ಕೈಗಿಡುತ್ತಾಳೆ. ಆ ಕೈಯನ್ನು ಮಾತ್ರ ತುಸು ಹೊತ್ತು ಬಿಡುವುದಿಲ್ಲ.