ಕಣ್ಣು ಬಿಡಮ್ಮ, ಹೋಯ್ತು

ನಮ್ಮ ವಾರಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ದೆವ್ವದಕ್ಕ ಎಂದೇ ಹೆಸರು. ವಾರವೆಲ್ಲ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುತ್ತಾಳೆ. ಭಾನುವಾರ ಹೊಸ ದೆವ್ವದ ಸಿನಿಮಾ, ಅನ್ಯಗ್ರಹದ ಧಾರಾವಾಹಿ ನೋಡಿ ವಿಮರ್ಶೆ ಬರೆಯುತ್ತಾಳೆ. ಸಂಪಾದಕನಾದ ನಾನು ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಆದರೂ ಒಂಬತ್ತು ವರ್ಷ ಅವಳ ಅಂಕಣಕ್ಕೆ ಕತ್ತರಿ ಹಾಕಿರಲಿಲ್ಲ.

ಈ ವರ್ಷ ಎಡವಟ್ಟಾಯಿತು. ಬಾಹ್ಯಾಕಾಶ ನೌಕೆಯ ಧಾರಾವಾಹಿಯೊಂದರ ಬಗ್ಗೆ, ‘ಬಾಗಿಲ ಬಳಿ ಕೊನೆಯವರೆಗೂ ಕದಲದೆ ನಿಂತ ಆ ಪ್ರಾಣಿಯೇ ಕಥೆಯ ಜೀವಾಳ’ ಎಂದು ಬರೆದುಬಿಟ್ಟಳು. ಓದುಗರ ಪತ್ರಗಳು ಬಂದವು: ಸ್ವಾಮಿ, ಅದು ಪ್ರಾಣಿಯಲ್ಲ, ಗೂಟಕ್ಕೆ ನೇತುಹಾಕಿದ ಕ್ಯಾಪ್ಟನ್ನನ ಅಂಗಿ!

ಕರೆಸಿ ಕೂಗಾಡಿದೆ. “ನೋಡದೇ ಬರೀತೀರೇನ್ರೀ?”

“ಹೌದು ಸರ್,” ಅಂದಳು.

ಅವಳು ಮಹಾ ಪುಕ್ಕಲಿಯಂತೆ. ಕಥೆ ಬೇಕು, ಭಯ ತಡೆಯಲಾರಳು. ಹೆದರಿಕೆಯ ದೃಶ್ಯ ಬಂದೊಡನೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮೂವತ್ತು ವರ್ಷ ರೈಲು ಓಡಿಸಿದ, ಗಟ್ಟಿ ಗುಂಡಿಗೆಯ ಮಾವ ಪಕ್ಕದಲ್ಲಿ ಕೂತು ಆದದ್ದನ್ನೆಲ್ಲ ಹೇಳಿ, ಕೊನೆಗೆ “ಕಣ್ಣು ಬಿಡಮ್ಮ, ಹೋಯ್ತು” ಅನ್ನುತ್ತಾರೆ. ಇನ್ನೊಂದು ತಪ್ಪಾದರೆ ಅಂಕಣ ಬಂದ್ ಎಂದು ಹೇಳಿ ಕಳಿಸಿದೆ.

ಮರುದಿನ ಕೆಂಪಗಾದ ಕಣ್ಣಲ್ಲಿ ಬಂದಳು. ಮನೆಗೆ ಹೋಗಿ ಅದೇ ದೃಶ್ಯ ಹಾಕಿ, ಬಾಗಿಲ ಹತ್ರ ಏನಿದೆ ಅಂತ ಮಾವನನ್ನು ಕೇಳಿದಳಂತೆ. ಅವರು ಟಿ.ವಿ.ಯ ಹತ್ತಿರಕ್ಕೆ ಮುಖ ತಂದು, “ಬಾಗಿಲೇ ಕಾಣ್ತಿಲ್ಲಮ್ಮ” ಅಂದರಂತೆ.

“ಮೊದಲೇ ಯಾಕೆ ಹೇಳಲಿಲ್ಲ ಮಾವ?”

“ನೀನು ಕಣ್ಣು ಮುಚ್ಕೊಂಡು ಕಾಯ್ತಿದ್ಯಲ್ಲ.”

ಬೆಳಿಗ್ಗೆಯೇ ಕರೆದೊಯ್ದು ತೋರಿಸಿದಾಗ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. “ಊರವರ ಕಣ್ಣಿಗೆಲ್ಲ ಕನ್ನಡಕ ಹೊಂದಿಸ್ತೀನಿ ಸರ್, ಮನೆಯವರ ಕಣ್ಣು ನೋಡಲೇ ಇಲ್ಲ. ಒಂಬತ್ತು ವರ್ಷ ನನ್ನ ಧೈರ್ಯ ಅವರೇ. ಅಂಕಣ ಹೋದ್ರೆ ಅವರ ಭಾನುವಾರಾನೂ ಹೋಗುತ್ತೆ. ನಿಲ್ಲಿಸಬೇಡಿ,” ಅಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ಪರದೆ ಎಳೆದ ಹಾಲಿನಲ್ಲಿ ಟಿ.ವಿ. ಓಡುತ್ತಿತ್ತು. ದೆವ್ವದಕ್ಕ ಮಾವನ ಮಣಿಕಟ್ಟು ಹಿಡಿದು ಗಡಗಡ ನಡುಗುತ್ತಿದ್ದಳು. ಆದರೆ ಕಣ್ಣು ತೆರೆದೇ ಇತ್ತು.

“ತೊಟ್ಟಿಲು ತಾನೇ ತೂಗ್ತಿದೆ ಮಾವ. ಒಳಗೆ ಯಾರೂ ಇಲ್ಲ. ಇಲ್ಲ, ಇಲ್ಲ... ಒಂದು ಕೈ ಹೊರಗೆ ಬಂತು. ದೊಡ್ಡವರ ಕೈ.”

ಎಂದೂ ಯಾವುದಕ್ಕೂ ಬೆದರದ ಮುದುಕರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ಹೋಯ್ತೇನಮ್ಮ?”

“ಇನ್ನೂ ಇದೆ ಮಾವ. ನಾನು ನೋಡ್ತಿದ್ದೀನಲ್ಲ, ಹೋದಾಗ ಹೇಳ್ತೀನಿ.”