ಹಿರಿಸೊಸೆಯ ದನಿ ಬದಲಾದ ವರ್ಷ

ಅರವತ್ತರ ದಶಕದ ನಡುವಿನಲ್ಲಿ ನಾನು ಹೊಸನಗರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ವಯಸ್ಸು ಇಪ್ಪತ್ಮೂರು. ಬಾಡಿಗೆಗಿದ್ದ ಮನೆಯ ಒಡತಿಗೆ ಐವತ್ತರ ಆಸುಪಾಸು. ಫಾರೆಸ್ಟರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ ಇದ್ದರು. ಗಂಡ ಬಿಟ್ಟುಹೋದ ಸಾಮಾನುಗಳಲ್ಲಿ ಅವರು ದಿನವೂ ಮುಟ್ಟುತ್ತಿದ್ದದ್ದು ಒಂದೇ, ಬ್ಯಾಟರಿ ರೇಡಿಯೊ.

ಆ ಕಾಲಕ್ಕೆ ನಮ್ಮ ಕಡೆ ಟೀವಿ ಎಂಬ ಶಬ್ದವನ್ನು ಕೇಳಿದವರೂ ಕಡಿಮೆ. ಇವತ್ತು ಮನೆಮನೆಯಲ್ಲಿ ಧಾರಾವಾಹಿ ನೋಡಿ ಜನ ಏನೇನು ಮಾತಾಡುತ್ತಾರೋ, ಅದನ್ನೆಲ್ಲ ನಾವು ರೇಡಿಯೊ ನಾಟಕ ಕೇಳಿ ಮಾತಾಡುತ್ತಿದ್ದೆವು. ಪ್ರತಿ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಒಂದು ಧಾರಾವಾಹಿ ಬರುತ್ತಿತ್ತು. ಒಂದು ಕೂಡು ಕುಟುಂಬ, ಇಬ್ಬರು ಸೊಸೆಯರು, ಕಡಿಮೆ ಮಾತಿನ ಅತ್ತೆ. ಕತೆ ಇಷ್ಟೇ. ಆದರೆ ಹಿರಿಸೊಸೆಯ ಪಾತ್ರ ಮಾಡುತ್ತಿದ್ದ ಕಲಾವಿದೆಯ ದನಿ ತುಸು ಒರಟಾಗಿತ್ತು. ಪಕ್ಕದ ಮನೆಯ ಹೆಂಗಸು ಬೇಲಿಯಾಚೆ ನಿಂತು ಮಾತಾಡಿದ ಹಾಗೆ ಕೇಳುತ್ತಿತ್ತು.

ಮೊದಲ ಹತ್ತು ಕಂತುಗಳಷ್ಟು ಒಳ್ಳೆಯ ಧಾರಾವಾಹಿಯನ್ನು ನಾನು ಮತ್ತೆ ಕೇಳಿಲ್ಲ. ಅದರಲ್ಲೂ ಒಂದು ದೃಶ್ಯ. ಹಿರಿಸೊಸೆ ದೋಸೆಗೆ ರುಬ್ಬುತ್ತಿದ್ದಾಳೆ. ಒರಳುಕಲ್ಲಿನ ಗುಡುಗುಡು ಕೇಳುತ್ತಿದೆ. ಹಿರಿಮಗನಿಗೆ ಇನ್ನೊಂದು ಹೆಣ್ಣು ನೋಡಿದ್ದೇವೆ ಎಂದು ಅತ್ತೆ ಹೇಳುತ್ತಾಳೆ. ಕಲ್ಲಿನ ಸದ್ದು ನಿಲ್ಲುತ್ತದೆ. ಎಷ್ಟೋ ಹೊತ್ತು ಏನೂ ಕೇಳಿಸುವುದಿಲ್ಲ. ರೇಡಿಯೊ ಕೆಟ್ಟಿತೆಂದು ನಾನು ಏಳುವಷ್ಟರಲ್ಲಿ ಹಿರಿಸೊಸೆ, "ಉದ್ದು ಇನ್ನೂ ನುಣ್ಣಗಾಗಿಲ್ಲ ಅತ್ತೆ" ಎಂದಳು. ಸದ್ದು ಮತ್ತೆ ಶುರುವಾಯಿತು. ಮನೆಯೊಡತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು.

ಆಮೇಲೆ ಕತೆ ಇಳಿಯತೊಡಗಿತು. ಸತ್ತನೆಂದುಕೊಂಡಿದ್ದ ಮೈದುನ ಬಂದ. ಯಾರಿಗೆ ಕಷ್ಟ ಬಂದರೂ ಗುಡುಗಿನ ಸದ್ದು ಬರತೊಡಗಿತು. ಅಳುವಿದ್ದಲ್ಲೆಲ್ಲ ವೀಣೆ. ಈ ಬಗ್ಗೆ ನಾನು ಆಕಾಶವಾಣಿಗೆ ಕಾರ್ಡು ಬರೆಯುತ್ತಲೇ ಇದ್ದೆ. ಒಂದನ್ನೂ ಅವರು ರೇಡಿಯೊದಲ್ಲಿ ಓದಲಿಲ್ಲ. ಹೀಗಿರುವಾಗ ಒಂದು ಭಾನುವಾರ ಹಿರಿಸೊಸೆಯ ದನಿಯೇ ಬದಲಾಯಿತು. ಹೊಸಬಳದು ತೆಳ್ಳಗಿನ, ಸಿಹಿಯಾದ ದನಿ. ಯಾಕೆ ಬದಲಾಯಿತೆಂದು ಯಾರೂ ಹೇಳಲಿಲ್ಲ.

"ಇದ್ಯಾರು ಅಕ್ಕೋರೆ, ಹಿರಿಸೊಸೆ ಮಗಳಾ?" ಎಂದು ಮನೆಯೊಡತಿ ಕೇಳಿದರು.

ಆ ಮಾತನ್ನೇ ಕಾಗದಕ್ಕೆ ಹಾಕಿದೆ. ಹಿರಿಸೊಸೆ ಒಂದೇ ವಾರದಲ್ಲಿ ಹತ್ತು ವರ್ಷ ಚಿಕ್ಕವಳಾಗಿದ್ದಾಳೆ, ಈಕೆ ಮಾತಾಡಿದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಪದ್ಯ ಒಪ್ಪಿಸಿದ ಹಾಗಿದೆ, ಮೊದಲಿನವರನ್ನು ಕರೆತರಲಾಗದಿದ್ದರೆ ಪಾತ್ರವನ್ನೇ ತವರಿಗೆ ಕಳಿಸಿ ಎಂದು ಬರೆದೆ. ಬರೆದಾದ ಮೇಲೆ ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದೂ ನೆನಪಿದೆ. ಕೇಳುಗರ ಪತ್ರಗಳಿಗೆ ಉತ್ತರಿಸುವ ಕಾರ್ಯಕ್ರಮದಲ್ಲಿ ಈ ಸಲ ನನ್ನದನ್ನು ಪೂರ್ತಿ ಓದಿದರು. "ಹೊಸನಗರದ ಶಿಕ್ಷಕಿಯೊಬ್ಬರು" ಎಂದು ಹೇಳಿ, ಮೊದಲಿನ ಕಲಾವಿದೆ ಅನಾರೋಗ್ಯದಿಂದ ಬಿಡಬೇಕಾಯಿತು ಎಂದಷ್ಟೇ ಉತ್ತರ ಕೊಟ್ಟರು. ಊರಲ್ಲಿ ಶಿಕ್ಷಕಿಯರಿದ್ದದ್ದೇ ಮೂವರು. ಮಾರನೆಯ ದಿನ ಹೆಡ್‌ಮಾಸ್ತರರು, "ಸರ್ಕಾರಿ ಕೆಲಸದಲ್ಲಿರೋರು ಸ್ವಲ್ಪ ನೋಡ್ಕಂಡು ಬರೀಬೇಕು" ಎಂದರು. ಮನೆಯೊಡತಿ ಮಾತ್ರ ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ ಅದು ನಮ್ಮ ಮನೆ ಅಕ್ಕೋರೇ ಎಂದು ಹೇಳಿಕೊಂಡು ಬಂದರು.

ಎರಡು ವಾರದ ಮೇಲೆ, ಆಕಾಶವಾಣಿಗೆ ಪತ್ರ ಬರೆದ ಶಿಕ್ಷಕಿಗೆ ಎಂದು ಶಾಲೆಯ ವಿಳಾಸಕ್ಕೆ ತೀರ್ಥಹಳ್ಳಿಯಿಂದ ಒಂದು ಕಾಗದ ಬಂತು. ಬರೆದವರು ಹೈಸ್ಕೂಲು ಮೇಷ್ಟ್ರು. ನೀವು ಕೇಳಿದ ಕಲಾವಿದೆ ನನ್ನ ತಂಗಿ, ಈಗ ನಮ್ಮಲ್ಲೇ ಇದ್ದಾಳೆ, ನಿಮ್ಮ ಪತ್ರವನ್ನು ಅವಳೂ ಕೇಳಿದಳು, ಒಂದು ಭಾನುವಾರ ಬಂದು ಹೋದರೆ ಅವಳಿಗೆ ನಿಮ್ಮ ಹತ್ತಿರ ಮಾತಾಡುವುದಿದೆ ಎಂದಿತ್ತು. ಮೆಚ್ಚಿಕೊಂಡು ಕರೆದಿದ್ದಾರೆಂದೇ ನಾನು ತಿಳಿದೆ. ಮನೆಯೊಡತಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿಕೊಂಡು ಜೊತೆಗೆ ಹೊರಟರು. ತೀರ್ಥಹಳ್ಳಿಗೆ ಹೋಗುವ ಬೆಳಗಿನ ಬಸ್ಸು ಹಿಡಿದೆವು.

ಮೇಷ್ಟ್ರ ಮನೆ ಪೇಟೆಬೀದಿಯ ಹಿಂದೆ, ಹೊಳೆಗಿಳಿಯುವ ದಾರಿಯಲ್ಲಿತ್ತು. ಅವರ ತಂಗಿಗೆ ಮೂವತ್ತೈದರ ಮೇಲಿರಬಹುದು. ಕತ್ತಿಗೆ ಹತ್ತಿಬಟ್ಟೆ ಸುತ್ತಿಕೊಂಡಿದ್ದರು. ನಮ್ಮನ್ನು ನೋಡಿ ನಕ್ಕು, ಪಕ್ಕದಲ್ಲಿದ್ದ ಸ್ಲೇಟು ತೆಗೆದುಕೊಂಡು "ಕೂತ್ಕೊಳ್ಳಿ" ಎಂದು ಬರೆದರು.

"ಗಂಟಲಿನ ಆಪರೇಷನ್ ಆಗಿದೆ" ಎಂದರು ಮೇಷ್ಟ್ರು. "ಮಾತಾಡ್ಬೇಡಿ ಅಂದಿದಾರೆ ಡಾಕ್ಟ್ರು. ದನಿ ಬರುತ್ತೋ ಇಲ್ವೋ ಅಂತ ಅವ್ರೂ ಹೇಳಲ್ಲ."

ನನಗೆ ನೆನಪಾದದ್ದು ಒರಳುಕಲ್ಲಿನ ದೃಶ್ಯ ಒಂದೇ. ಸುಮ್ಮನಿರಲಾಗದೆ ಅದನ್ನು ಹೊಗಳತೊಡಗಿದೆ. ಎಂಥ ಯೋಚನೆ, ಬರೆದವರು ಎಷ್ಟು ಜಾಣರು ಎಂದೆ. ಕಲಾವಿದೆಯ ಭುಜ ಅಲುಗುತ್ತಿತ್ತು. ನಗುತ್ತಿದ್ದರು, ಸದ್ದಿಲ್ಲದೆ. ಸ್ಲೇಟಿನ ಮೇಲೆ ಬರೆದರು: "ಅದು ಬರಹದಲ್ಲಿ ಇರಲಿಲ್ಲ. ಸ್ಟುಡಿಯೊದಲ್ಲಿ ಕಲ್ಲು ತಿರುಗಿಸುತ್ತಿದ್ದವನ ಕೈ ಜಾರಿತು. ಅವನು ಮತ್ತೆ ಹಿಡಿಯಲಿ ಅಂತ ಕಾದೆ."

ಮನೆಯೊಡತಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ.

"ಕೈ ಜಾರಿದ್ದು ಅವ್ನದು. ಕಾದಿದ್ದು ಇವ್ರಲ್ವಾ?" ಎಂದರು ಅವರು. ಆ ದೃಶ್ಯದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನೂ ಆಡಿರಲಿಲ್ಲ.

ಊಟವಾದ ಮೇಲೆ ನಾಟಕದ ಹೊತ್ತಾಯಿತು. ಎಲ್ಲರೂ ಕೂತು ಕೇಳಿದೆವು. ಕಲಾವಿದೆ ಕಣ್ಣು ಮುಚ್ಚಿ, ಗೋಡೆಗೊರಗಿ ಕೇಳಿದರು. ಮುಗಿಯುತ್ತಿದ್ದ ಹಾಗೆ ಸ್ಲೇಟು ಒರೆಸಿ ಬರೆಯತೊಡಗಿದರು. ತುಂಬಿದಾಗ ನನಗೆ ತೋರಿಸುವುದು, ಒರೆಸುವುದು, ಮತ್ತೆ ಬರೆಯುವುದು. "ಈ ಹೊಸ ಹುಡುಗಿ ಚೆನ್ನಾಗಿ ಮಾಡುತ್ತಿದ್ದಾಳೆ. ಕೆಟ್ಟಿರುವುದು ಬರವಣಿಗೆ, ನಾನಿದ್ದಾಗಲೇ ಕೆಟ್ಟಿತ್ತು. ನನ್ನ ದನಿ ಅದನ್ನು ಮುಚ್ಚುತ್ತಿತ್ತು, ಅವಳದು ಮುಚ್ಚುವುದಿಲ್ಲ. ಅವಳಿಗೆ ಹತ್ತೊಂಬತ್ತು ವರ್ಷ. ನಿಮ್ಮ ಪತ್ರ ಕೇಳಿದ ಮೇಲೆ ಬಿಟ್ಟುಬಿಡುತ್ತೇನೆಂದು ನನಗೆ ಬರೆದಿದ್ದಾಳೆ."

ನನ್ನನ್ನು ಕರೆಸಿದ್ದು ಯಾಕೆಂದು ಆಗ ತಿಳಿಯಿತು.

"ನಾನು ಕ್ಷಮೆ ಕೇಳಿ ಬರೀತೀನಿ" ಎಂದೆ.

ಅವರು ಬೇಡವೆಂದು ತಲೆಯಾಡಿಸಿ ಸ್ಲೇಟಿನ ಮೇಲೆ ಬರೆದರು: "ಸುಳ್ಳು ಬೇಡ. ನಾಲ್ಕು ವಾರ ಅವಳನ್ನು ಕೇಳಿ. ನನ್ನನ್ನು ಹುಡುಕಬೇಡಿ. ಆಮೇಲೆ ಏನನ್ನಿಸಿತೋ ಅದನ್ನು ಬರೆಯಿರಿ."

ಹೊರಡುವಾಗ ಮನೆಯೊಡತಿ ಮಿಠಾಯಿ ಡಬ್ಬಿ ಕೊಟ್ಟು, "ಗಂಟ್ಲು ವಾಸಿಯಾದ್ಮೇಲೆ ತಿನ್ನಿ" ಎಂದರು. ಕಲಾವಿದೆ ಆಗಲೇ ಒಂದು ಚೂರು ಬಾಯಿಗೆ ಹಾಕಿಕೊಂಡರು.

ನಾಲ್ಕು ವಾರ ಕೇಳಿದೆ. ಮೊದಲೆರಡು ವಾರ ಬಲವಂತದಿಂದ. ಮೂರನೆಯ ವಾರ ಒಂದು ದೃಶ್ಯ ಬಂತು. ಹಿರಿಸೊಸೆ ಗಂಡನಿಗೆ ಬಡಿಸುತ್ತಾ, "ಇನ್ನೊಂದು ಸೌಟು ಹಾಕ್ಲಾ?" ಎಂದು ಕೇಳಬೇಕು. ಹುಡುಗಿ ಅದನ್ನು ತೀರಾ ಸಾಮಾನ್ಯವಾಗಿ, ಅಭ್ಯಾಸದ ಮಾತಿನ ಹಾಗೆ ಕೇಳಿದಳು. ಗಂಡ ಎಲ್ಲಿ ಕೈಬಿಡುತ್ತಾನೋ ಎಂಬ ಹೆದರಿಕೆ ಆ ಮಾತಿನಡಿಯಲ್ಲಿ ಕೇಳಿಸಿತು. ಹೆದರಿದವಳ ದನಿಯೂ ತೆಳ್ಳಗೇ ಇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಇದನ್ನೇ ಬರೆದೆ. ಗುಡುಗು, ವೀಣೆಗಳ ಮೇಲಿನ ದೂರನ್ನು ಹಾಗೇ ಉಳಿಸಿದೆ. ಹಿಂದಿನ ಪತ್ರದಲ್ಲಿ ತಪ್ಪು ಜಾಗಕ್ಕೆ ಹೊಡೆದಿದ್ದೆ ಎಂದೂ ಸೇರಿಸಿದೆ.

ಆ ಪತ್ರವನ್ನು ರೇಡಿಯೊದಲ್ಲಿ ಓದಲಿಲ್ಲ. ಆದರೆ ಹುಡುಗಿಯ ಕೈಗೆ ಯಾರೋ ಕೊಟ್ಟಿದ್ದರೆಂದು ತೀರ್ಥಹಳ್ಳಿಯಿಂದ ಬಂದ ಕಾರ್ಡಿನಿಂದ ತಿಳಿಯಿತು. ಅವಳು ಬಿಡಲಿಲ್ಲ. ಧಾರಾವಾಹಿ ಮಾತ್ರ ಸುಧಾರಿಸಲಿಲ್ಲ. ಕೊನೆಯ ಕಂತಿನಲ್ಲಿ ಎಲ್ಲರೂ ಎಲ್ಲರನ್ನೂ ಕ್ಷಮಿಸಿ ಒಂದು ಭಜನೆ ಹೇಳಿದರು.

ಮುಂದೆ ನನಗೆ ಸಾಗರಕ್ಕೆ ವರ್ಗವಾಯಿತು. ಅಲ್ಲಿಗೆ ಹೋಗಿ ಒಂದು ವರ್ಷದ ಮೇಲೆ ತೀರ್ಥಹಳ್ಳಿಯ ಕಲಾವಿದೆ ನೆಂಟರ ಮದುವೆಗೆ ಬಂದವರು ನನ್ನ ಮನೆ ಹುಡುಕಿಕೊಂಡು ಬಂದರು. ದನಿ ಬಂದಿತ್ತು, ಆದರೆ ಒಡೆದು, ಗಾಳಿ ಸೇರಿದ ಹಾಗೆ. ನಾಟಕಕ್ಕೆ ಆಗದು ಎಂದು ಅವರೇ ಹೇಳಿದರು. ಈಗ ಊರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ನಾನು ಕಾಫಿ ಮಾಡಿ ಕೊಟ್ಟೆ. ಕೊನೆಯ ಕಂತಿನ ಮಾತು ಬಂತು.

"ಆ ಭಜನೆ ನನ್ಗೆ ಇಷ್ಟ ಆಯ್ತು" ಎಂದರು ಅವರು.

"ಅದು ಹೇಗೆ ಇಷ್ಟ ಆಗತ್ತೆ? ಅಷ್ಟೆಲ್ಲ ಮಾಡಿದ ಅತ್ತೇನ ಒಂದು ಮಾತಲ್ಲಿ ಕ್ಷಮಿಸಿಬಿಡೋದಾ?"

"ಮತ್ತೆಂತ ಮಾಡ್ಬೇಕಿತ್ತು? ಒಂದೇ ಮನೇಲಿ ಇರ್ಬೇಕಲ್ಲ."

ನಾನು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಮದುವೆಮನೆಯಿಂದ ಅವರನ್ನು ಹುಡುಕಿಕೊಂಡು ಅಣ್ಣ ಬರುವವರೆಗೂ ಅದೇ ಮಾತು ನಡೆಯಿತು.